ಮಳೆ ಶುರುವಾದ ಮೇಲೆ ಅಣ್ಣಿಗೇರಿ ಪಾಯಿಂಟಿನಲ್ಲೇ ಗಾಡಿ ಹಳಿ ತಪ್ಪುತ್ತಿದೆ, ಯಾರಿಗಾದರೂ ಹೀಗಾಗಿದೆಯಾ?

ಅಣ್ಣಿಗೇರಿ_ಲೂಪ್:
ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ಇಲ್ಲಿ ಸುಮ್ನೆ ಓದುತ್ತಾ ಕೂತವನು ನಾನು. ಇವತ್ತು ತಲೆ ಕೆಟ್ಟಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಹುಬ್ಬಳ್ಳಿಯ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಮಾಡೆಲ್ ರೈಲಿನ ಲೇಔಟ್ ಇದೆ. ಎಚ್‌ಒ ಸ್ಕೇಲ್ (ನಿಜವಾದ ರೈಲಿನ 87ರಲ್ಲಿ ಒಂದು ಪಾಲು), 12 ಅಡಿಗೆ 4 ಅಡಿ. ರೀಪರ್ ಪಟ್ಟಿಯ ಚೌಕಟ್ಟು, ಮೇಲೆ 12 ಎಂಎಂ ಪ್ಲೈವುಡ್. ಹುಬ್ಬಳ್ಳಿ–ಗದಗ ಲೈನ್ ಮಾಡುತ್ತಿದ್ದೇನೆ. ಲೈನ್ ಅಂದರೆ ಅಣ್ಣಿಗೇರಿ ಒಂದೇ ಸ್ಟೇಷನ್. ಹುಬ್ಬಳ್ಳಿ, ಗದಗ ಎರಡೂ ರಟ್ಟಿನ ಗೋಡೆಯ ಹಿಂದೆ ಗಾಡಿ ಅಡಗಿಸಿಡುವ ಹಳಿಗಳಷ್ಟೆ. ಮುಂದೆ ಎರೆ ಹೊಲ, ಹತ್ತಿ, ಒಂದು ಬೇವಿನ ಮರ. ಹಿಂದಿನ ಪರದೆಯ ಮೇಲೆ ಕಪ್ಪತಗುಡ್ಡ ಬರೆದಿದ್ದೇನೆ. ಅಣ್ಣಿಗೇರಿಯಿಂದ ಕಪ್ಪತಗುಡ್ಡ ಅಷ್ಟು ದೊಡ್ಡದಾಗಿ ಕಾಣುತ್ತದಾ ಅಂತ ಯಾರೂ ಕೇಳಬೇಡಿ.

ಏಪ್ರಿಲ್, ಮೇ ಪೂರ್ತಿ ಗಾಡಿ ಚೆನ್ನಾಗಿ ಓಡಿತು. ಜೂನ್ ಅರ್ಧಕ್ಕೆ ಮಳೆ ಹಿಡಿಯಿತು ನೋಡಿ, ಅಲ್ಲಿಂದ ಶುರು. ಅಣ್ಣಿಗೇರಿಗೆ ಒಳಬರುವ ಮೊದಲ ಪಾಯಿಂಟಿನಲ್ಲಿ (ಹಳಿ ಕವಲೊಡೆಯುವ ಜಾಗ) ಎಂಜಿನ್ ದಾಟುತ್ತದೆ, ಮೊದಲ ಎರಡು ಡಬ್ಬಿ ದಾಟುತ್ತವೆ, ಮೂರನೆಯದು ಕೆಳಗೆ ಬೀಳುತ್ತದೆ. ಹುಬ್ಬಳ್ಳಿಯಿಂದ ಗದಗಿಗೆ ಹೋಗುವಾಗ ಮಾತ್ರ. ವಾಪಸ್ ಬರುವಾಗ ಏನೂ ಇಲ್ಲ! ಎಂಜಿನ್ ಡಬ್ಲ್ಯುಡಿಜಿ–4 ಡೀಸೆಲ್, ಅಮೆರಿಕನ್ ಚಾಸಿ ಮೇಲೆ ತ್ರೀಡಿ ಪ್ರಿಂಟ್ ಮಾಡಿದ ಬಾಡಿ. ತಿರುವು 22 ಇಂಚು ರೇಡಿಯಸ್.

ಪ್ಲೈವುಡ್ ಉಬ್ಬಿದೆಯಾ? ಹಳಿ ಹಿಗ್ಗಿದೆಯಾ? ಕಿತ್ತು ಹಾಕಿ ಮತ್ತೆ ಹಾಸಬೇಕಾ? ಖಡಿ ಅಂಟಿಸಿ ಆಗಿದೆ, ಕೀಳಲು ಮನಸ್ಸು ಬರುತ್ತಿಲ್ಲ.

ಬ್ಯಾಡಗಿ_ಬೋಗಿ:
ಮೂರನೇ ಡಬ್ಬಿಯವರು ಟಿಕೆಟ್ ತೆಗೆಸಿಲ್ಲ, ಅದಕ್ಕೇ ಇಳಿಸುತ್ತಿದೆ.

ಗದಗ_ಗಾರ್ಡ್:
ಒಂದೇ ದಿಕ್ಕಿನಲ್ಲಿ ಬೀಳುತ್ತದೆ ಅಂದರೆ ಪಾಯಿಂಟಿನ ನಾಲಿಗೆಯ (ಅತ್ತಿತ್ತ ಸರಿಯುವ ಚೂಪು ಹಳಿ) ಕಡೆ ನೋಡಿ. ನಾಲಿಗೆ ಎದುರಾಗಿ ಬರುವ ಗಾಲಿ ಚೂರು ಸಂದು ಸಿಕ್ಕರೂ ಹತ್ತಿಬಿಡುತ್ತದೆ. ಹಿಂದಿನಿಂದ ಬಂದರೆ ನಾಲಿಗೆಯನ್ನೇ ತಳ್ಳಿಕೊಂಡು ಹೋಗುತ್ತದೆ, ಅದಕ್ಕೇ ವಾಪಸ್ ಬರುವಾಗ ತೊಂದರೆ ಇಲ್ಲ.

ಮೊದಲು ಮೂರನೇ ಡಬ್ಬಿಯನ್ನು ಮೊದಲನೆಯದಾಗಿ ಜೋಡಿಸಿ ಓಡಿಸಿ. ಅದೇ ಡಬ್ಬಿ ಬಿದ್ದರೆ ತಪ್ಪು ಡಬ್ಬಿಯದು. ಮೂರನೇ ಜಾಗದಲ್ಲಿ ಯಾವುದಿದ್ದರೂ ಬಿದ್ದರೆ ತಪ್ಪು ಹಳಿಯದು. ಇಷ್ಟು ಮಾಡದೆ ಏನನ್ನೂ ಕೀಳಬೇಡಿ.

ನಿವೃತ್ತ_ಫಿಟ್ಟರ್:
ತಮ್ಮಾ, ಗಾಲಿ ಅಳೆದಿದ್ದೀಯಾ? ಎರಡು ಗಾಲಿಗಳ ಒಳಮೈ ನಡುವಿನ ಅಂತರ ಸುಮಾರು 14.5 ಎಂಎಂ ಇರಬೇಕು. ಹಳೆಯ ಡಬ್ಬಿ ಕೊಂಡಿದ್ದರೆ ಕಡಿಮೆ ಇರುತ್ತದೆ, ಪಾಯಿಂಟಿನಲ್ಲಿ ಎಡವುತ್ತದೆ. ನಾನು ವರ್ಕ್‌ಶಾಪಿನಲ್ಲಿ 31 ವರ್ಷ ಗಾಲಿ ನೋಡಿದವನು. ಗಾಡಿ ಬಿದ್ದರೆ ಎಲ್ಲರೂ ಹಳಿ ನೋಡುತ್ತಾರೆ, ಹಳಿಯವರು ಗಾಲಿ ತೋರಿಸುತ್ತಾರೆ. ದೊಡ್ಡ ರೈಲ್ವೆಯಲ್ಲೂ ಇದೇ ಜಗಳ.

ಇನ್ನೊಂದು. ಜಾಯಿಂಟಿನಲ್ಲಿ ಸಂದು ಬಿಟ್ಟಿದ್ದೀಯಾ? ಹಳಿ ಹಿಗ್ಗುತ್ತದೆ. 13 ಮೀಟರಿನ ನಿಜವಾದ ಹಳಿ 40 ಡಿಗ್ರಿ ಏರಿದರೆ ಸುಮಾರು 6 ಎಂಎಂ ಬೆಳೆಯುತ್ತದೆ. ಸಂದು ಇಲ್ಲದೆ ಬೆಸುಗೆ ಹಾಕಿದ್ದರೆ ಸೊಟ್ಟ ಆಗೇ ಆಗುತ್ತದೆ.

ಆರ್ಡುಯಿನೋ_ಹುಡುಗ:
ಕಾಕಾ, ಅದು ಬಿಸಿಲಿಗೆ. ಇವರಿಗೆ ತೊಂದರೆ ಶುರುವಾಗಿದ್ದು ಮಳೆಗೆ, ಅಂದರೆ ತಂಪಾದ ಮೇಲೆ. ಇಡೀ 12 ಅಡಿ ನಿಕಲ್ ಸಿಲ್ವರ್ ಹಳಿ 15 ಡಿಗ್ರಿ ಏರಿಳಿತಕ್ಕೆ ಒಂದು ಮಿಲಿಮೀಟರ್ ಕೂಡ ಬದಲಾಗುವುದಿಲ್ಲ. ಹಳಿ ಅಲ್ಲ, ಕಟ್ಟಿಗೆ ಕುಡಿದಿದೆ.

ನಿವೃತ್ತ_ಫಿಟ್ಟರ್:
ಕಟ್ಟಿಗೆ ಕುಡಿದರೆ ಮೂರನೇ ಡಬ್ಬಿ ಯಾಕೆ ಬೀಳಬೇಕು, ಎಂಜಿನ್ ಯಾಕೆ ಬೀಳಬಾರದು?

ಆರ್ಡುಯಿನೋ_ಹುಡುಗ:
ಎಂಜಿನ್ ಭಾರ ಕಾಕಾ. ಒತ್ತಿಕೊಂಡು ಹೋಗುತ್ತದೆ. ಡಬ್ಬಿ ಹಗುರ, ಹಳಿ ಸ್ವಲ್ಪ ತಿರುಚಿದರೂ ಒಂದು ಗಾಲಿ ಗಾಳಿಯಲ್ಲಿ ನಿಲ್ಲುತ್ತದೆ.

ರಾಣೆಬೆನ್ನೂರು_ಪ್ಯಾಸೆಂಜರ್:
ನಾನು ಮೂಲದ ಪ್ರಶ್ನೆ ಕೇಳುತ್ತೇನೆ, ಬೇಜಾರಾಗಬೇಡಿ. ಎಚ್‌ಒ ಅಂದರೆ 1:87. ನಮ್ಮ ಬ್ರಾಡ್‌ಗೇಜಿನ ಎರಡು ಹಳಿಗಳ ನಡುವಿನ ಅಂತರ 1676 ಎಂಎಂ. ಭಾಗಿಸಿದರೆ 19.3 ಎಂಎಂ ಬರುತ್ತದೆ. ನೀವೆಲ್ಲ ಓಡಿಸುತ್ತಿರುವುದು 16.5 ಎಂಎಂ ಹಳಿಯ ಮೇಲೆ, ಅದು ಯುರೋಪಿನ 1435ರ ಅಳತೆ. ಮೊದಲ ದಿನದಿಂದಲೇ ತಪ್ಪು ಗೇಜಿನ ಮೇಲೆ ಗಾಡಿ ಬಿಟ್ಟು, ಈಗ ಹಳಿ ತಪ್ಪಿತು ಅಂತ ಅಳುವುದು ಯಾಕೆ?

ಬ್ಯಾಡಗಿ_ಬೋಗಿ:
ಶುರುವಾಯ್ತು. ಗಾಡಿ ಒಂದೇ ಅಲ್ಲ, ಈಗ ಚರ್ಚೆಯೂ ಹಳಿ ತಪ್ಪಿತು.

ಗದಗ_ಗಾರ್ಡ್:
ರಾಣೆಬೆನ್ನೂರು ಅಣ್ಣಾ, 19.3ರ ಹಳಿ ಯಾವ ಅಂಗಡಿಯಲ್ಲಿ ಸಿಗುತ್ತದೆ ಹೇಳಿ, ನಾಳೆಯೇ ಹೋಗುತ್ತೇನೆ. ಹಳಿ, ಸ್ಲೀಪರ್, ಪಾಯಿಂಟ್ ಎಲ್ಲ ಕೈಯಿಂದಲೇ ಮಾಡಬೇಕು, ಪ್ರತಿ ಎಂಜಿನ್ನಿನ ಆಕ್ಸಲ್ ಬದಲಿಸಬೇಕು. ಅಷ್ಟರಲ್ಲಿ ನಮ್ಮ ಮೊಮ್ಮಕ್ಕಳು ರಿಟೈರ್ ಆಗುತ್ತಾರೆ.

ರಾಣೆಬೆನ್ನೂರು_ಪ್ಯಾಸೆಂಜರ್:
ಅದಕ್ಕೇ ನಾನು ಮೀಟರ್‌ಗೇಜ್ ಹಿಡಿದಿದ್ದು. 1000 ಭಾಗಿಸು 87, ಬರುವುದು 11.5. ಎಚ್‌ಒಗಿಂತ ಚಿಕ್ಕದಾದ ಟಿಟಿ ಸ್ಕೇಲಿನವರ 12 ಎಂಎಂ ಹಳಿ ಹೆಚ್ಚುಕಡಿಮೆ ಸರಿಹೋಗುತ್ತದೆ. ನಮ್ಮ ಭಾಗದ ಲೈನೆಲ್ಲ 90ರ ದಶಕದವರೆಗೆ ಮೀಟರ್‌ಗೇಜೇ ಇತ್ತಲ್ಲ. 1992ರಲ್ಲಿ ಎಲ್ಲವನ್ನೂ ಬ್ರಾಡ್‌ಗೇಜ್ ಮಾಡುವ ಯೂನಿಗೇಜ್ ಯೋಜನೆ ಬಂದ ಮೇಲೆ ಒಂದೊಂದೇ ಕಿತ್ತರು. ವೈಡಿಎಂ–4 ಡೀಸೆಲ್ ಎಂಜಿನ್, ಹಿಂದೆ ಐದು ಡಬ್ಬಿ, ಹಾವೇರಿಯಲ್ಲಿ ಕ್ರಾಸಿಂಗಿಗೆ ಅರ್ಧ ಗಂಟೆ ನಿಲ್ಲುತ್ತಿತ್ತು. ಆ ಅರ್ಧ ಗಂಟೆಯನ್ನು ಲೇಔಟಿನಲ್ಲೂ ನಿಲ್ಲಿಸುತ್ತೇನೆ. ಮಗಳು ಬೇಸರಪಟ್ಟು ಎದ್ದು ಹೋಗುತ್ತಾಳೆ.

ನಿವೃತ್ತ_ಫಿಟ್ಟರ್:
ಮೀಟರ್‌ಗೇಜಿನ ಹೆಸರು ಎತ್ತಿದೆ, ಇನ್ನು ನನಗೆ ನಿದ್ದೆ ಇಲ್ಲ. ವೈಪಿ, ವೈಜಿ ಉಗಿ ಎಂಜಿನ್ ಕೆಲಸಕ್ಕೆ ಬರುವಾಗ ಶೆಡ್ಡಿನ ಗೋಡೆ ಕೈಗೆ ಬಿಸಿ ಹತ್ತುತ್ತಿತ್ತು. ಅಪ್ಪನ ಅಂಗಿಗೆ ಎಣ್ಣೆ ವಾಸನೆ, ನನ್ನ ಅಂಗಿಗೂ ಅದೇ ವಾಸನೆ. ಈಗ ಸೊಸೆ ನನ್ನ ಮಾಡೆಲ್ ಎಣ್ಣೆ ಬಾಟಲಿಯನ್ನು ಹೊರಗೆ ಇಡಿಸುತ್ತಾಳೆ. ಒಂದು ಹನಿ ಎಣ್ಣೆ ಅಷ್ಟೆ! ಇರಲಿ.

ಎನ್‌ಸ್ಕೇಲ್_ಧಾರವಾಡ:
ಎಲ್ಲರೂ ಎಚ್‌ಒ ಹಿಡಿದುಕೊಂಡು ಒದ್ದಾಡುವುದು ನೋಡಿ ನಗು ಬರುತ್ತದೆ. ನನ್ನದು ಎನ್ ಸ್ಕೇಲ್, 1:160, ಹಳಿ 9 ಎಂಎಂ. ಹಳೆಯ ಬಾಗಿಲೊಂದನ್ನು ಮಲಗಿಸಿ ಅದರ ಮೇಲೆ ಇಡೀ ಲೇಔಟ್. ಬಾಗಿಲು ಮಳೆಗೆ ಉಬ್ಬಿಲ್ಲ, ಯಾಕೆಂದರೆ ಅದು ಉಬ್ಬುವುದೆಲ್ಲ ಮನೆಯ ಚೌಕಟ್ಟಿನಲ್ಲಿದ್ದಾಗಲೇ ಉಬ್ಬಿ ಮುಗಿಸಿದೆ.

ಅಣ್ಣಿಗೇರಿಯವರಿಗೆ ಒಂದು ಸುಲಭ ಪರೀಕ್ಷೆ. ಸ್ಟೀಲ್ ಪಟ್ಟಿಯನ್ನು ಹಳಿಯ ಮೇಲೆ ನಿಲ್ಲಿಸಿ, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿಯಿರಿ. ಎಲ್ಲಿ ಬೆಳಕು ಸೋರುತ್ತದೋ ಅಲ್ಲಿ ತಗ್ಗು. ಮಧ್ಯದಲ್ಲಿ ಕತ್ತಲು, ಎರಡೂ ತುದಿಗೆ ಬೆಳಕು ಬಂದರೆ ಅಲ್ಲಿ ದಿಬ್ಬ. ಆಮೇಲೆ ಟೇಬಲ್ ಕೆಳಗೆ ಬಗ್ಗಿ ನೋಡಿ. ಅರ್ಧ ರೋಗ ಕೆಳಗೇ ಇರುತ್ತದೆ.

ಅಣ್ಣಿಗೇರಿ_ಲೂಪ್:
ಎಲ್ಲರಿಗೂ ಥ್ಯಾಂಕ್ಸ್ ರೀ. ಗದಗ ಗಾರ್ಡ್ ಅಣ್ಣ ಹೇಳಿದಂತೆ ಡಬ್ಬಿ ಬದಲಿಸಿದೆ. ಮೂರನೇ ಜಾಗದಲ್ಲಿ ಯಾವುದಿದ್ದರೂ ಬೀಳುತ್ತದೆ, ಒಮ್ಮೊಮ್ಮೆ ನಾಲ್ಕನೆಯದು. ಫಿಟ್ಟರ್ ಕಾಕಾ, ಗಾಲಿ ಅಳೆದೆ, ಎಲ್ಲ ಸರಿ ಇವೆ. ಟಾರ್ಚ್ ಹಿಡಿದರೆ ಪಾಯಿಂಟಿನ ಮುಂದೆಯೇ ದಿಬ್ಬ ಕಾಣುತ್ತಿದೆ, ಒಂದೇ ಹಳಿಯ ಕೆಳಗೆ! ಇನ್ನೊಂದು ಹಳಿ ನೆಟ್ಟಗಿದೆ.

ಟೇಬಲ್ ಕೆಳಗೆ ಬಗ್ಗಲು ಆಗುತ್ತಿಲ್ಲ. ಮುಂದೆ ಪರದೆ ಹಾಕಿದ್ದೇನೆ, ಒಳಗೆ ಮನೆಯ ಸಾಮಾನು ತುಂಬಿದ್ದಾರೆ.

ಆರ್ಡುಯಿನೋ_ಹುಡುಗ:
ನೋಡಿ, ಹೇಳಿದೆನಲ್ಲ! ಚೌಕಟ್ಟು ತಿರುಚಿದೆ. ಪ್ಲೈವುಡ್‌ನ ಪದರಗಳು ಅಡ್ಡ ಉದ್ದ ಅಂಟಿಸಿರುವುದರಿಂದ ಅದು ಅಷ್ಟಾಗಿ ಅಲುಗುವುದಿಲ್ಲ. ರೀಪರ್ ಮಾತ್ರ ಹಸಿ ಕಟ್ಟಿಗೆ ಇದ್ದರೆ ಬಾಳೆನಾರಿನ ಹಾಗೆ ತಿರುಚುತ್ತದೆ. ನೂರಕ್ಕೆ ನೂರು ರೀಪರ್.

ನಿವೃತ್ತ_ಫಿಟ್ಟರ್:
ನೂರಕ್ಕೆ ನೂರು ಅನ್ನುವವರನ್ನು ನಾನು ಬಹಳ ನೋಡಿದ್ದೇನೆ.

ಹೊಸ_ಟಿಕೆಟ್:
ಮಧ್ಯದಲ್ಲಿ ಬಾಯಿ ಹಾಕುತ್ತೇನೆ, ಕ್ಷಮಿಸಿ. ನಾನು ಲಕ್ಷ್ಮೇಶ್ವರದವನು. ಶುರು ಮಾಡಲು ಎಷ್ಟು ಖರ್ಚು ಬರುತ್ತದೆ? ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ ಮಾಡಬೇಕು ಅಂತ ಆಸೆ.

ಎನ್‌ಸ್ಕೇಲ್_ಧಾರವಾಡ:
ಯಾವುದು, 2023ರಲ್ಲಿ ಉದ್ಘಾಟನೆಯಾದ ಉದ್ದದ್ದಾ? ತಮ್ಮಾ, ಅದು 1507 ಮೀಟರ್. ಎಚ್‌ಒದಲ್ಲಿ ಸುಮಾರು 17.3 ಮೀಟರ್, ಅಂದರೆ 57 ಅಡಿ. ನನ್ನ ಎನ್ ಸ್ಕೇಲಿನಲ್ಲೂ 31 ಅಡಿ ಬೇಕು.

ಬ್ಯಾಡಗಿ_ಬೋಗಿ:
ಅಡುಗೆಮನೆಯಿಂದ ಶುರು ಮಾಡಿ ಪಕ್ಕದ ಮನೆಯ ದೇವರ ಕೋಣೆಯಲ್ಲಿ ಮುಗಿಸಬೇಕು. ಬೆಳಿಗ್ಗೆ ಗಾಡಿ ಬಿಟ್ಟರೆ ಅವರ ಪೂಜೆ ಹೊತ್ತಿಗೆ ಮುಟ್ಟುತ್ತದೆ.

ಗದಗ_ಗಾರ್ಡ್:
ಹೊಸ ಟಿಕೆಟ್, ಕಂಗಾಲಾಗಬೇಡಿ. ಯಾರೂ ಪೂರ್ತಿ ಅಳತೆಗೆ ಸ್ಟೇಷನ್ ಮಾಡುವುದಿಲ್ಲ. ನಾಲ್ಕು ಡಬ್ಬಿಗೆ ಸಾಕಾಗುವಷ್ಟು ಪ್ಲಾಟ್‌ಫಾರ್ಮ್ ಇದ್ದರೆ ಕಣ್ಣು ಉಳಿದದ್ದನ್ನು ತುಂಬಿಕೊಳ್ಳುತ್ತದೆ. ಹಳೆಯ ಮಾದರಿಯ ಒಂದು ಐಸಿಎಫ್ ಡಬ್ಬಿ ಎಚ್‌ಒದಲ್ಲಿ 24.5 ಸೆಂ.ಮೀ, ಹೊಸ ಮಾದರಿಯ ಎಲ್‌ಎಚ್‌ಬಿ 27 ಸೆಂ.ಮೀ. ಅದಕ್ಕೆ ತಕ್ಕಂತೆ ಲೆಕ್ಕ ಹಾಕಿ. ತಿರುವಿನಲ್ಲಿ ಪ್ಲಾಟ್‌ಫಾರ್ಮ್ ಇಡಬೇಡಿ. ಉದ್ದ ಡಬ್ಬಿಯ ಹೊಟ್ಟೆ ಒಳಗೆ ಬಾಗುತ್ತದೆ, ಮೂಲೆಗಳು ಹೊರಗೆ ಚಾಚುತ್ತವೆ. ನಾನು ಸಿಮೆಂಟ್ ಬಣ್ಣ ಹೊಡೆದು ಮುಗಿಸಿದ ಮೇಲೆ ಇದು ಗೊತ್ತಾಯಿತು. ಒಂದು ಗಾಡಿ ಹೋದಮೇಲೆ ಚಹಾ ಅಂಗಡಿ, ಬೆಂಚು, ಕೂಲಿ ಎಲ್ಲ ಗುಡಿಸಿ ಹಾಕಿತ್ತು.

ಖರ್ಚು ಕೇಳಿದಿರಿ. ಪ್ಲೈ, ರೀಪರ್, ಫೆವಿಕಾಲ್ ಇಲ್ಲೇ ಸಿಗುತ್ತದೆ, ಅದು ದೊಡ್ಡದಲ್ಲ. ಎಂಜಿನ್ ಮತ್ತು ಹಳಿ ಹೊರಗಿಂದ ಬರಬೇಕು, ಅಲ್ಲಿ ಕುತ್ತಿಗೆಗೆ ಬರುತ್ತದೆ. ಮಾಡೆಲ್ ರೈಲನ್ನೂ ಆಟಿಕೆ ಲೆಕ್ಕದಲ್ಲೇ ಹಿಡಿಯುತ್ತಾರೆ. ಆ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ನಾನು ಒಂದು ಪಾರ್ಸೆಲ್ ಬಿಡಿಸಿಕೊಂಡ ದಿನ ಮನೆಯಲ್ಲಿ ಬಿಲ್ ತೋರಿಸಲಿಲ್ಲ, ಇನ್ನೂ ತೋರಿಸಿಲ್ಲ.

ರಾಣೆಬೆನ್ನೂರು_ಪ್ಯಾಸೆಂಜರ್:
ನಮ್ಮ ಮನೆಯಲ್ಲಿ ಎಲ್ಲ ಎಂಜಿನ್ನಿಗೂ ಒಂದೇ ಬೆಲೆ, ಎಂಟು ನೂರು ರೂಪಾಯಿ. ಹೆಂಡತಿ ನಂಬುತ್ತಾಳೆ ಅಂತ ನಾನು ನಂಬಿದ್ದೇನೆ.

ಎನ್‌ಸ್ಕೇಲ್_ಧಾರವಾಡ:
ಅವರು ನಂಬುವುದಿಲ್ಲ, ಸುಮ್ನೆ ಇದ್ದಾರೆ. ನಮ್ಮ ಮನೆಯಲ್ಲಿ ಗಂಡ ಹಾಗೆ ಸುಮ್ಮನಿದ್ದಾರೆ.

ಹೊಸ_ಟಿಕೆಟ್:
ಹಾಗಾದರೆ ಹೊಲ, ಮಣ್ಣು, ಹುಲ್ಲಿಗೂ ಹೊರಗಿನದೇ ಬೇಕಾ?

ಎನ್‌ಸ್ಕೇಲ್_ಧಾರವಾಡ:
ಬೇಡವೇ ಬೇಡ. ಕುಡಿದು ಬಿಟ್ಟ ಚಹಾಪುಡಿಯನ್ನು ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿ ಹಾಕಿ. ಎರೆ ಹೊಲಕ್ಕೆ ಅದಕ್ಕಿಂತ ಒಳ್ಳೆ ಬಣ್ಣ ಅಂಗಡಿಯಲ್ಲಿ ಸಿಗುವುದಿಲ್ಲ. ಒಣಗದಿದ್ದರೆ ಬೂಷ್ಟು ಹಿಡಿಯುತ್ತದೆ, ಆಗ ಮಳೆಗಾಲದ ಹಸಿರು ಪುಕ್ಕಟೆ. ಸಾ ಮಿಲ್ಲಿನ ಕಟ್ಟಿಗೆ ಪುಡಿಗೆ ಬಣ್ಣ ಹಾಕಿದರೆ ಹುಲ್ಲು.

ನಿಜವಾದ ಮಣ್ಣು ಹಾಕುವುದಾದರೆ ಸೋಸಿ, ಆಮೇಲೆ ಅದರಲ್ಲಿ ಮ್ಯಾಗ್ನೆಟ್ ಆಡಿಸಿ. ಅಂಟಿಕೊಂಡ ಕಪ್ಪು ಪುಡಿಯನ್ನು ಎಸೆಯಿರಿ. ಬಿಟ್ಟರೆ ಅದು ಎಂಜಿನ್ ಮೋಟರಿನ ಮ್ಯಾಗ್ನೆಟ್‌ಗೆ ಹೋಗಿ ಕೂರುತ್ತದೆ. ನನ್ನ ಮೊದಲ ಎಂಜಿನ್ ಹಾಗೆಯೇ ಹೋಯಿತು.

ಖಡಿಗೆ ಫೆವಿಕಾಲ್ ಅರ್ಧ, ನೀರು ಅರ್ಧ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ. ಆ ಹನಿ ಇಲ್ಲದಿದ್ದರೆ ಅಂಟು ಮೇಲೆಯೇ ಮುತ್ತಿನ ಹಾಗೆ ನಿಲ್ಲುತ್ತದೆ, ಒಳಗೆ ಇಳಿಯುವುದಿಲ್ಲ.

ಬ್ಯಾಡಗಿ_ಬೋಗಿ:
ನನ್ನ ಪ್ರಯೋಗವನ್ನೂ ಬರೆದಿಡುತ್ತೇನೆ, ಯಾರೂ ಮಾಡಬಾರದು ಅಂತ. ಗೂಡ್ಸ್ ಗಾಡಿಗೆ ಮೆಣಸಿನಕಾಯಿ ಲೋಡ್ ಬೇಕಿತ್ತು. ಬ್ಯಾಡಗಿಯವನಾಗಿ ಪ್ಲಾಸ್ಟಿಕ್ ಹಾಕಲು ಮನಸ್ಸು ಒಪ್ಪಲಿಲ್ಲ. ನಮ್ಮ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಲ್ವಾ, ಆ ಧೈರ್ಯದ ಮೇಲೆ ಒಣಗಿದ್ದನ್ನು ಪುಡಿ ಪುಡಿ ಮಾಡಿ ಆರು ವ್ಯಾಗನ್ ತುಂಬಿದೆ. ನೋಡಲು ಅಂದರೆ ಏನು ಚಂದ! ಅಷ್ಟರಲ್ಲಿ ಅತ್ತೆಯವರು ಸೆಕೆ ಅಂತ ಫ್ಯಾನ್ ಹಾಕಿದರು. ಖಾರ ಕಡಿಮೆ ಅಂದರೆ ಇಲ್ಲ ಅಂತ ಅರ್ಥವಲ್ಲ. ಮನೆಯಲ್ಲಿ ಏಳು ಜನ, ಅರ್ಧ ಗಂಟೆ ಸೀನಿದೆವು. ಅತ್ತೆ ಇವತ್ತಿಗೂ ಆ ಕೋಣೆಗೆ ಬರುವುದಿಲ್ಲ. ಅದೊಂದು ಲಾಭವೇ ಅನ್ನಿ.

ನಿವೃತ್ತ_ಫಿಟ್ಟರ್:
ಕಣ್ಣಲ್ಲಿ ನೀರು ಬಂತು. ನಕ್ಕು ಬಂದದ್ದು, ಖಾರಕ್ಕಲ್ಲ.

ಆರ್ಡುಯಿನೋ_ಹುಡುಗ:
ಡಿಸಿಸಿ, ಅಂದರೆ ಡಿಜಿಟಲ್ ಕಂಟ್ರೋಲ್ ಬಗ್ಗೆ ಮಾತಾಡೋಣ. ನಾನು ಆರ್ಡುಯಿನೋ ಮೆಗಾ ಎಂಬ ಸಣ್ಣ ಸರ್ಕ್ಯೂಟ್ ಬೋರ್ಡ್ ಮತ್ತು ಮೋಟರ್ ಶೀಲ್ಡ್ ಮೇಲೆ ಡಿಸಿಸಿ–ಇಎಕ್ಸ್ ಹಾಕಿದ್ದೇನೆ, ಸಾಫ್ಟ್‌ವೇರ್ ಪುಕ್ಕಟೆ. ಹಳೆಯ 12 ವೋಲ್ಟ್ ಡಿಸಿಯಲ್ಲಿ ಹಳಿಗೆ ಕರೆಂಟ್ ಕೊಟ್ಟರೆ ಅದರ ಮೇಲಿರುವ ಎಲ್ಲ ಎಂಜಿನ್ ಒಟ್ಟಿಗೆ ಓಡುತ್ತವೆ. ಡಿಸಿಸಿಯಲ್ಲಿ ಹಳಿಯಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ, ಪ್ರತಿ ಎಂಜಿನ್ನಿಗೂ ಒಂದು ನಂಬರ್, ಆ ನಂಬರಿಗೆ ಹೇಳಿದ್ದನ್ನು ಅದೊಂದೇ ಕೇಳುತ್ತದೆ. ಪಾಯಿಂಟ್ ತಿರುಗಿಸಲು ಎಸ್‌ಜಿ90 ಸರ್ವೋ ಎಂಬ ಪುಟ್ಟ ಮೋಟರ್, 9 ಗ್ರಾಂ ತೂಕ. ಮೊಬೈಲಿನಿಂದಲೇ ನಡೆಯುತ್ತದೆ.

ಒಂದೇ ಕಷ್ಟ, ಕರೆಂಟ್ ಹೋದರೆ ಎಲ್ಲ ನಿಂತಲ್ಲೇ ನಿಲ್ಲುತ್ತವೆ. ಸಣ್ಣ ಯುಪಿಎಸ್‌ ಇಟ್ಟಿದ್ದೇನೆ. ಮನೆಯಲ್ಲಿ ಕತ್ತಲು, ನನ್ನ ರೈಲಿನ ಹೆಡ್‌ಲೈಟ್ ಮಾತ್ರ ಓಡುತ್ತಿರುತ್ತದೆ. ಅಪ್ಪ ಬೈಯುತ್ತಾರೆ, ಆದರೂ ಬಂದು ಕೂತು ನೋಡುತ್ತಾರೆ.

ರಾಣೆಬೆನ್ನೂರು_ಪ್ಯಾಸೆಂಜರ್:
ಮೊಬೈಲಿನಿಂದ ಗಾಡಿ ಓಡಿಸುವುದೂ ಒಂದು ಓಡಿಸುವುದಾ. ಕೈಗೆ ಗುಂಡಿ ಬೇಕು, ನಿಧಾನ ತಿರುಗಿಸಬೇಕು.

ಎನ್‌ಸ್ಕೇಲ್_ಧಾರವಾಡ:
ನನ್ನ ಮುಂದಿನ ಕೆಲಸ ಕೇಳಿ. ಧಾರವಾಡದ ಕರ್ನಾಟಕ ಕಾಲೇಜಿನ ಕಟ್ಟಡವನ್ನು ರಟ್ಟಿನಲ್ಲಿ ಮಾಡುತ್ತಿದ್ದೇನೆ. ಕಾಲೇಜಾಗುವ ಮೊದಲು ಅದು ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ. ಆ ಕಂಪನಿ 1908ರಲ್ಲಿ ಮದ್ರಾಸ್ ರೈಲ್ವೆಯೊಂದಿಗೆ ಸೇರಿತು. ನಾನು ಅಲ್ಲಿ ಮೂರು ವರ್ಷ ಓದಿದೆ, ರೈಲ್ವೆ ಆಫೀಸಿನಲ್ಲಿ ಕೂತು ಓದುತ್ತಿದ್ದೇನೆ ಅಂತ ಒಬ್ಬರೂ ಹೇಳಲಿಲ್ಲ. ಕಮಾನುಗಳನ್ನು ಬ್ಲೇಡಿನಲ್ಲಿ ಕತ್ತರಿಸಿ ಕತ್ತರಿಸಿ ಬೆರಳು ಹೋಗಿವೆ.

ನಿವೃತ್ತ_ಫಿಟ್ಟರ್:
ಚಂದ ಕೆಲಸ ಹಿಡಿದಿದ್ದೀರಿ ಅಕ್ಕಾರ. ಮುಗಿದ ಮೇಲೆ ಫೋಟೋ ಹಾಕಿ. ಹೊಸಬರೆಲ್ಲ ಒಮ್ಮೆ ಹುಬ್ಬಳ್ಳಿಯ ಗದಗ ರಸ್ತೆಯ ರೈಲ್ವೆ ಮ್ಯೂಸಿಯಂಗೂ ಹೋಗಿ ಬನ್ನಿ, 2020ರಲ್ಲಿ ಶುರುವಾದದ್ದು. ಮಾಡೆಲ್ ಮಾಡುವವರು ನಿಜವಾದದ್ದರ ಮುಂದೆ ಒಂದು ತಾಸು ನಿಲ್ಲಬೇಕು. ರಿವೆಟ್ ಎಣಿಸಬೇಕು.

ಘಾಟ್_ಬ್ಯಾಂಕರ್:
ತಡವಾಗಿ ಬಂದೆ. ಕ್ಯಾಸಲ್‌ರಾಕ್‌ನಿಂದ ಕುಳೆಂ ಕಡೆ ಇಳಿಯುವ ಘಾಟ್ ಮಾಡಬೇಕು ಅಂತ ಯಾರಿಗಾದರೂ ಯೋಚನೆ ಇದ್ದರೆ, ನಿಜವಾದ ಏರು 37ಕ್ಕೆ 1. ಒಂದು ಹಳಿಯ ಮೇಲೆ ಇನ್ನೊಂದು ದಾಟಲು ಎಚ್‌ಒದಲ್ಲಿ ಏಳೂವರೆ ಸೆಂ.ಮೀ ಎತ್ತರ ಬೇಕು ಅನ್ನಿ, ಆ ಏರಿನಲ್ಲಿ ಅಷ್ಟಕ್ಕೇ ಪೌಣೆ ಮೂರು ಮೀಟರ್‌ಗಿಂತ ಜಾಸ್ತಿ ಉದ್ದ ಬೇಕು. ಅವಸರಕ್ಕೆ ಏರು ಕಡಿದಾಗಿಸಿದರೆ ಎಂಜಿನ್ ಜಾರುತ್ತದೆ. ನಾನು ಹಿಂದಿನಿಂದ ಇನ್ನೊಂದು ಎಂಜಿನ್ ಹಚ್ಚಿ ನೂಕಿಸಿದೆ, ನಿಜವಾದ ಘಾಟಿನ ಹಾಗೆ. ಹಿಂದಿನದು ಜೋರಾಗಿ ನೂಕಿತು, ಮುಂದಿನದು ನಿಧಾನವಾಯಿತು, ನಡುವಿನ ಆರು ಡಬ್ಬಿ ತಿರುವಿನಲ್ಲಿ ಹಾರಿ ನೆಲಕ್ಕೆ.

ಗದಗ_ಗಾರ್ಡ್:
ಅಣ್ಣಿಗೇರಿಯವರು ಎಲ್ಲಿ ಹೋದರು? ರೀಪರ್ ನೋಡಿದಿರಾ?

ಅಣ್ಣಿಗೇರಿ_ಲೂಪ್:
ಬಂದೆ ಬಂದೆ. ಏನಂತ ಹೇಳಲಿ.

ಇವತ್ತು ಭಾನುವಾರ, ಧೈರ್ಯ ಮಾಡಿ ಪರದೆ ಎತ್ತಿ ಕೆಳಗೆ ನುಗ್ಗಿದೆ. ಸ್ಕ್ರೂ ಡ್ರೈವರ್, ಹೊಸ ರೀಪರ್, ಮೂಲೆಮಟ್ಟ ಎಲ್ಲ ತಯಾರಿ ಮಾಡಿಕೊಂಡಿದ್ದೆ. ಒಳಗೆ ನೋಡಿದರೆ ನಾಲ್ಕು ಚೀಲ ಬಿಳಿಜೋಳ! ಒಂದರ ಮೇಲೊಂದು ಒಟ್ಟಿದ್ದಾರೆ. ಮೇಲಿನ ಚೀಲವನ್ನು ಹೇಗೋ ಒತ್ತಿ ತುರುಕಿದ್ದಾರೆ, ಅದು ಅಡ್ಡ ರೀಪರಿಗೆ ಕೆಳಗಿನಿಂದ ಗಟ್ಟಿಯಾಗಿ ಒದ್ದುಕೊಂಡು ಕೂತಿದೆ. ಆ ಮೂಲೆಯ ಟೇಬಲ್ ಕಾಲು ನೆಲ ಬಿಟ್ಟು ಸುಮಾರು 4 ಎಂಎಂ ಮೇಲಿದೆ. ಅದರ ನೇರ ಮೇಲೆಯೇ ಅಣ್ಣಿಗೇರಿ ಪಾಯಿಂಟ್.

ಅವ್ವನನ್ನು ಕೇಳಿದೆ. ಮಳೆಗಾಲಕ್ಕೆ ಕೆಳಗಿನ ಕೋಣೆಯ ಗೋಡೆ ಒಸರುತ್ತದೆ, ಜೋಳಕ್ಕೆ ನುಸಿ ಹಿಡಿಯುತ್ತದೆ, ಅದಕ್ಕೇ ಜೂನಿನಲ್ಲಿ ಆಳು ಕರೆಸಿ ಮೇಲೆ ಹೊರಿಸಿದೆ ಅಂದಳು. ನಿನ್ನ ಆಟದ ಸಾಮಾನಿನ ಕೆಳಗೆ ಅಷ್ಟು ಜಾಗ ಖಾಲಿ ಬಿದ್ದಿತ್ತಲ್ಲ ಅಂತ ನನಗೇ ತಿರುಗಿ ಕೇಳಿದಳು. ನಾನು ಪ್ಲೈವುಡ್ ಉಬ್ಬಿದೆ ಅಂತ ಹದಿನೈದು ದಿನ ನಿದ್ದೆ ಬಿಟ್ಟಿದ್ದೆ.

ಮೇಲಿನ ಚೀಲ ಇಳಿಸಿ ಗೋಡೆಗೆ ಒರಗಿಸಿದೆ. ಕಾಲು ನೆಲಕ್ಕೆ ಕೂತಿತು. ಇಪ್ಪತ್ತು ಸುತ್ತು ಓಡಿಸಿದೆ, ಒಂದು ಡಬ್ಬಿಯೂ ಅಲುಗಲಿಲ್ಲ.

ನಿವೃತ್ತ_ಫಿಟ್ಟರ್:
ಯಾರೋ ನೂರಕ್ಕೆ ನೂರು ರೀಪರ್ ಅಂದಿದ್ದರು.

ಆರ್ಡುಯಿನೋ_ಹುಡುಗ:
ಚೌಕಟ್ಟು ತಿರುಚಿದೆ ಅಂದಿದ್ದೆ ಕಾಕಾ, ತಿರುಚಿತ್ತಲ್ಲ! ಕಾರಣ ಮಾತ್ರ ಜೋಳ. ನೀವು ಹಳಿ ಹಿಗ್ಗಿದೆ ಅಂದಿದ್ದಿರಿ.

ನಿವೃತ್ತ_ಫಿಟ್ಟರ್:
ಸಂದು ಬಿಟ್ಟಿದ್ದೀಯಾ ಅಂತ ಕೇಳಿದ್ದೆ. ಕೇಳುವುದು ಬೇರೆ, ಹೇಳುವುದು ಬೇರೆ.

ಎನ್‌ಸ್ಕೇಲ್_ಧಾರವಾಡ:
ಟೇಬಲ್ ಕೆಳಗೆ ಬಗ್ಗಿ ನೋಡಿ ಅಂದವಳು ನಾನು. ಯಾರಿಗೂ ನೆನಪಿಲ್ಲ ಅನ್ನಿಸುತ್ತದೆ.

ಅಣ್ಣಿಗೇರಿ_ಲೂಪ್:
ನೆನಪಿದೆ ಅಕ್ಕಾರ, ಧಾರವಾಡಕ್ಕೆ ಬಂದಾಗ ನಿಮಗೆ ಒಂದು ಪಡಿ ಜೋಳ.

ಬ್ಯಾಡಗಿ_ಬೋಗಿ:
ಅವ್ವನವರಿಗೆ ನನ್ನ ನಮಸ್ಕಾರ ತಿಳಿಸಿ. ಜೋಳ ಮುಗಿಯುವವರೆಗೆ ಅವರಿಗೆ ಸ್ಟೇಷನ್ ಮಾಸ್ಟರ್ ಕೆಲಸ ಕೊಡಿ.

ಹೊಸ_ಟಿಕೆಟ್:
ನನ್ನ ಪ್ರಶ್ನೆ ಅಲ್ಲೇ ಉಳಿಯಿತು. ಆರು ಅಡಿಗೆ ಮೂರು ಅಡಿ ಜಾಗ ಇದೆ, ಕೆಳಗೆ ಶೇಂಗಾ ಚೀಲ ಇವೆ. ಎಚ್‌ಒ ಆಗುತ್ತದಾ, ಎನ್ ಆಗುತ್ತದಾ?